ತೋಳಿನೊಳಗೆ ಮಡಚಿಟ್ಟ ಬಟ್ಟೆ

ಮೊನ್ನೆ ಮುಂಜಾನೆ ನನ್ನ ಮಗಳು ಗೆಳತಿಯ ಹೊಲಕ್ಕೆ ಹೋಗಿ ಹಸಿ ಕಡಲೆ ಗಿಡಗಳನ್ನು ಎದೆಗೆ ಅವುಚಿಕೊಂಡು ಬಂದಳು. ಇಬ್ಬನಿ ಇನ್ನೂ ಆರಿರಲಿಲ್ಲ. ಕಡಲೆ ಗಿಡದ ಮೇಲೆ ಕೂತ ಇಬ್ಬನಿ ಹುಳಿಯಾಗಿರುತ್ತದೆ, ಮುಟ್ಟಿದ ಬಟ್ಟೆಗೆಲ್ಲ ಹತ್ತುತ್ತದೆ. ಅವಳ ಜಾಕೀಟಿನ ತೋಳುಗಳೆರಡೂ ತೊಯ್ದಿದ್ದವು. ಆ ಹುಳಿ ವಾಸನೆ, ತೊಯ್ದ ಉಣ್ಣೆಯ ವಾಸನೆ, ಟ್ರಂಕಿನಿಂದ ತೆಗೆದ ಬಟ್ಟೆಯಲ್ಲಿ ಎಷ್ಟು ದಿನವಾದರೂ ಉಳಿಯುವ ಡಾಂಬರ ಗುಳಿಗೆಯ ವಾಸನೆ ಮೂರೂ ಸೇರಿ ಮೂಗಿಗೆ ಬಡಿದ ಕೂಡಲೇ ನಾನು ಅವಳ ಮೈಮೇಲಿನ ಜಾಕೀಟು ಬಿಚ್ಚಿಸಿ ಕಸಿದುಕೊಂಡೆ.

"ಯಾಕ ಮಮ್ಮಿ?" ಎಂದಳು.

"ಒಗೀಬೇಕು" ಎಂದೆ. ಒಗೆಯಲಿಲ್ಲ. ತೊಡೆಯ ಮೇಲೆ ಹಾಕಿಕೊಂಡು ಕೂತೆ. ಹೊರಗಿನ ಕಟ್ಟೆಯ ಮೇಲೆ ನನ್ನ ಅವ್ವ ಬಿಸಿಲು ಕಾಯಿಸುತ್ತಿದ್ದಳು. ಅವಳ ಜಾಕೀಟಿನ ತೋಳು ಮಣಿಕಟ್ಟಿಗಿಂತ ಮೇಲೆಯೇ ಮುಗಿದಿತ್ತು, ಹಾಗಾಗಿ ಅಂಗೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದಳು. ವಾಸನೆ ಅವಳಿಗೂ ಬಂದಿರಬೇಕು. ನನ್ನ ಕಡೆ ತಿರುಗಿ ನೋಡಲಿಲ್ಲ.

ನಾನು ಗಿಡ್ಡಿ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ನನ್ನನ್ನು ನೋಡಿದವರು ಮೊದಲು ನೋಡುವುದು ಅದನ್ನೇ. ಅಂಚೆ ಕಚೇರಿಯಲ್ಲಿ ನನ್ನ ಕೆಲಸ. ಕಿಟಕಿಯ ಹಿಂದೆ ನಾನು ಎದ್ದು ನಿಂತಿದ್ದರೂ ಜನ "ಒಳಗ ಯಾರೂ ಇಲ್ಲೇನ್ರೀ?" ಎಂದು ಕೂಗುತ್ತಾರೆ. ಬಟ್ಟೆ ಅಂಗಡಿಗೆ ಹೋದರೆ ಹುಡುಗರು ಸೀದಾ ಮಕ್ಕಳ ಕಪಾಟಿಗೆ ಕರೆದೊಯ್ಯುತ್ತಾರೆ. ಅಲ್ಲಿರುವ ಸ್ವೆಟರಿನ ಎದೆಯ ಮೇಲೆ ಕರಡಿಯೋ ಬೆಕ್ಕೋ ಇರುತ್ತದೆ. ಎದೆಯ ಮೇಲೆ ಕರಡಿ ಹೊತ್ತುಕೊಂಡು ಮುದುಕರಿಗೆ ಪಿಂಚಣಿ ಹಂಚುವುದು ನನ್ನಿಂದಾಗದು. ಅದಕ್ಕೇ ನನ್ನ ಜಾಕೀಟು, ಸ್ವೆಟರು ನಾನೇ ಮಾಡಿಕೊಳ್ಳುತ್ತೇನೆ, ಮಗಳದೂ ನಾನೇ ಮಾಡುತ್ತೇನೆ. ಈ ವರ್ಷ ಅವ್ವನದೂ ಹೊಲಿದೆ. ಹೊಲಿಗೆ ಕಲಿಸಿದವಳು ಅವ್ವ. ಹೊಲಿಗೆಯೊಳಗೆ ಏನೇನು ಮುಚ್ಚಿಡಬಹುದು ಎಂಬುದನ್ನೂ ಅವಳಿಂದಲೇ ಕಲಿತೆ, ಮೂರನೇ ಇಯತ್ತೆಯಲ್ಲಿದ್ದಾಗಿನ ಒಂದು ಚಳಿಗಾಲದಲ್ಲಿ.

ಅಣ್ಣಿಗೇರಿಯಿಂದ ಸ್ವಲ್ಪ ಒಳಗೆ, ಎರೆ ಹೊಲಗಳ ನಡುವೆ ನಮ್ಮೂರು. ಮನೆಯಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಹೇಳಿದ್ದೇ ನಡೆಯುತ್ತಿತ್ತು. ಅಪ್ಪ ದಿನಾ ಮುಂಜಾನೆ ಅಣ್ಣಿಗೇರಿಗೆ ಬಂದು ರೈಲು ಹಿಡಿದು ಗದಗಿನ ಒಂದು ಕಚೇರಿಗೆ ಕಾರಕೂನಿಕೆಗೆ ಹೋಗುತ್ತಿದ್ದ. ಹೊಲ ನೋಡುತ್ತಿದ್ದವನು ಅಪ್ಪನ ತಮ್ಮ, ನಮ್ಮ ಕಾಕಾ. ಕಾಕಾನ ಹೆಂಡತಿಗೆ ನಾನು ಚಿಗವ್ವ ಅನ್ನುತ್ತಿದ್ದೆ. ಅವರ ಮಗಳು ವಿದ್ಯಾ. ಅವಳೂ ನಾನೂ ಒಂದೇ ವರ್ಷ ಹುಟ್ಟಿ ಒಂದೇ ತೊಟ್ಟಿಲಿನಲ್ಲಿ ಸರದಿಯ ಮೇಲೆ ಮಲಗಿದವರು. ನನ್ನ ಬೆನ್ನಿಗೆ ಮತ್ತೊಂದು ಕೂಸು ಹುಟ್ಟಲಿಲ್ಲ. ಅದಕ್ಕೂ ಆಯಿ ಅವ್ವನನ್ನೇ ಅನ್ನುತ್ತಿದ್ದಳು.

ಮನೆಯ ಚಳಿಯ ಬಟ್ಟೆಯೆಲ್ಲ ಅವ್ವನ ಕೈಯಿಂದಲೇ ಆಗಬೇಕಿತ್ತು. ಪಡಸಾಲೆಯ ಕಿಟಕಿಯ ಕೆಳಗೆ ಅವಳ ಹೊಲಿಗೆ ಮಷಿನ್ನು, ತವರಿನವರು ಕೊಟ್ಟದ್ದು. ಅಪ್ಪನ ಹಳೇ ಪ್ಯಾಂಟಿನ ದಪ್ಪ ಬಟ್ಟೆ ಮೇಲೆ, ಸವೆದ ಸೀರೆ ಒಳಗೆ, ನಡುವೆ ಕಂಬಳಿಯ ತುಂಡು. ಅದು ನಮ್ಮ ಜಾಕೀಟು. ಉಲನ್ ಸಿಕ್ಕ ವರ್ಷ ಸ್ವೆಟರು ಹೆಣೆಯುತ್ತಿದ್ದಳು. ಮೊದಲು ವಿದ್ಯಾಳದು, ಆಮೇಲೆ ನನ್ನದು, ಕೊನೆಗೆ ಉಳಿದ ಚೂರುಗಳನ್ನೆಲ್ಲ ಜೋಡಿಸಿ ತನ್ನದು. ಅವ್ವನ ಜಾಕೀಟಿಗೆ ಒಂದು ತೋಳು ಕಂದು, ಇನ್ನೊಂದು ಬೂದಿ ಬಣ್ಣ. ಅದನ್ನು ತೊಟ್ಟು ಅವಳು ಹಿತ್ತಲಿಗೆ ಹೋದಾಗೆಲ್ಲ ಚಿಗವ್ವ "ಅಕ್ಕಾರು ಥೇಟ್ ಬಣ್ಣಬಣ್ಣದ ಅರಿವಿ ಹೊದಿಸಿದ ಕೌಲೆತ್ತ ಕಂಡಂಗ ಕಾಣತಾರು" ಎಂದು ನಗುತ್ತಿದ್ದಳು. ಅವ್ವನೂ ನಕ್ಕುಬಿಡುತ್ತಿದ್ದಳು. ಆ ಮನೆಯಲ್ಲಿ ತನ್ನ ಮೇಲೆ ತಾನೇ ನಗುವುದನ್ನು ಅವಳು ಬಂದ ಹೊಸತರಲ್ಲೇ ಕಲಿತಿದ್ದಳು.

ಬೆಳೆಯುವ ಮಕ್ಕಳ ಜಾಕೀಟನ್ನು ಯಾರೂ ಅಳತೆಗೆ ಸರಿಯಾಗಿ ಹೊಲಿಯುತ್ತಿರಲಿಲ್ಲ. ತೋಳಿನ ತುದಿಯಲ್ಲಿ, ಕೆಳಗಿನ ಅಂಚಿನಲ್ಲಿ ಎರಡು ಮೂರು ಮಡಿಕೆ ಬಟ್ಟೆಯನ್ನು ಒಳಗೆ ಮಡಚಿ ಅವ್ವ ಕೈಯಿಂದ ಕಚ್ಚಾ ಹೊಲಿಗೆ ಹಾಕುತ್ತಿದ್ದಳು. ವರ್ಷಕ್ಕೊಂದು ಮಡಿಕೆ ಬಿಚ್ಚುತ್ತ ಹೋದರೆ ಅದೇ ಜಾಕೀಟು ಮೂರು ನಾಲ್ಕು ಚಳಿಗಾಲ ಬಾಳುತ್ತಿತ್ತು. ಬಿಚ್ಚಿದ ಕಡೆ ಬಿಸಿಲು ಕಾಣದ ಬಟ್ಟೆ ಅಗದಿ ಹೊಸದರಂತೆ ಗಾಢವಾಗಿ ಕಾಣುತ್ತಿತ್ತು. ಅದಕ್ಕೆ ನಾವು ಬೆಳೆದ ಪಟ್ಟಿ ಅನ್ನುತ್ತಿದ್ದೆವು. ಶಾಲೆಯಲ್ಲಿ ಹುಡುಗಿಯರು ತೋಳು ಚಾಚಿ ಒಬ್ಬರಿಗೊಬ್ಬರು ಪಟ್ಟಿ ತೋರಿಸಿಕೊಳ್ಳುತ್ತಿದ್ದರು.

ನಮ್ಮ ಮನೆಯಲ್ಲಿ ಮಡಿಕೆ ಬಿಚ್ಚುವುದು ದೀಪಾವಳಿ ಪಾಡ್ಯದ ದಿನ. ಮಕ್ಕಳನ್ನು ಗೋಡೆಗೆ ನಿಲ್ಲಿಸಿ ಎತ್ತರ ಅಳೆದರೆ ದೃಷ್ಟಿಯಾಗಿ ಬೆಳವಣಿಗೆ ನಿಲ್ಲುತ್ತದೆ ಎಂದು ಆಯಿ ನಂಬಿದ್ದಳು. ಹಾಗಾಗಿ ನಾವು ಎಷ್ಟು ಬೆಳೆದೆವು ಎಂಬುದನ್ನು ಜಾಕೀಟೇ ಹೇಳಬೇಕಿತ್ತು. ಎಣ್ಣೆ ಸ್ನಾನ ಮುಗಿದ ಮೇಲೆ ಆಯಿ ಹಣೆತುಂಬ ವಿಭೂತಿ ಹಚ್ಚಿಕೊಂಡು ಪಡಸಾಲೆಯ ಕಂಬಕ್ಕೆ ಆತು ಕೂರುತ್ತಿದ್ದಳು. ಬಾಜೂಕ ಕರ್ಚಿಕಾಯಿಯ ಡಬ್ಬಿ. ನಾವು ಟ್ರಂಕಿನಿಂದ ತೆಗೆದ ಜಾಕೀಟು ತೊಟ್ಟು ಅವಳ ಮುಂದೆ ಕೈ ಚಾಚಿ ನಿಲ್ಲಬೇಕು. ತೋಳು ಗಿಡ್ಡವಾಗಿದ್ದರೆ ಆಯಿ "ಬೆಳದೀ ಬಿಡು!" ಎಂದು ಗಟ್ಟಿಯಾಗಿ ಹೇಳಿ, ಮೊದಲ ಎಳೆಯನ್ನು ತಾನೇ ಹಲ್ಲಿನಿಂದ ಕಡಿದು, ಕೈಯಲ್ಲೊಂದು ಕರ್ಚಿಕಾಯಿ ಇಡುತ್ತಿದ್ದಳು. ಉಳಿದ ಹೊಲಿಗೆ ಬಿಚ್ಚುವುದು ಅವ್ವನ ಕೆಲಸ.

ಆ ವರ್ಷ ವಿದ್ಯಾಳ ಮಣಿಕಟ್ಟು ಪೂರ್ತಿ ಹೊರಗಿತ್ತು. ಅವಳಿಗೆ "ಬೆಳದೀ ಬಿಡು" ಸಿಕ್ಕಿತು, ಕರ್ಚಿಕಾಯಿ ಸಿಕ್ಕಿತು. ನಾನು ಮುಂದೆ ಬಂದೆ.

"ಕೈ ಚಾಚು. ಪೂರಾ ಚಾಚು" ಎಂದಳು ಆಯಿ.

"ಪೂರಾನಽ ಚಾಚೇನಿ ಆಯಿ."

ತೋಳು ನನ್ನ ಬೆರಳ ಗೆಣ್ಣಿನ ತನಕ ಬಂದಿತ್ತು. ಹಿಂದಿನ ವರ್ಷ ಹೊಸದಾಗಿ ತೊಟ್ಟಾಗಲೂ ಅಲ್ಲಿಯತನಕವೇ ಇತ್ತು. ಆಯಿ ತೋಳಿನ ತುದಿಯನ್ನು ತಿರುವಿ ಒಳಗಿನ ಮಡಿಕೆಗಳನ್ನು ಒಮ್ಮೆ ನೋಡಿ ಅವ್ವನನ್ನು ಕರೆದಳು.

"ಏನ ಉಣ್ಣಾಕ ಹಾಕತೀ ಇಕಿಗೆ?"

"ಎಲ್ಲಾರಿಗೂ ಹಾಕಿದ್ದನ್ನಽ ಹಾಕತೀನ್ರಿ ಅತ್ತಿ."

"ಹಂಗಾರ ಕೂಳಿನ ತಪ್ಪಲ್ಲ ಇದು, ಬೀಜದ ತಪ್ಪು. ಕುಂದಗೋಳದ ಗಂಗವ್ವ ನಮ್ಮ ಮನ್ಯಾಗೂ ಹುಟ್ಟಿದ್ಲು ನೋಡ."

"ಯಾಕ ಬಯ್ಯತೀರಿ ಅತ್ತಿ, ಅರಿವಿ ಉಳೀತೈತಲ್ಲ" ಎಂದಳು ಚಿಗವ್ವ. "ಇದಽ ಜಾಕೀಟಿನ್ಯಾಗ ಮದವಿ ಮಾಡಿ ಕೊಟ್ಟರಾತು."

ಕಾಕಾ ಹೋ ಎಂದು ನಕ್ಕ. ಪೇಪರು ಓದುತ್ತಿದ್ದ ಅಪ್ಪನೂ ಪೇಪರಿನ ಹಿಂದೆ ನಕ್ಕ. ಅವನ ಹೊಟ್ಟೆ ಕುಲುಕಿದ್ದು ನನಗೆ ಕಂಡಿತು. ನನಗೆ ಕರ್ಚಿಕಾಯಿ ಸಿಗಲಿಲ್ಲ. ಸಂಜೆ ವಿದ್ಯಾ ತನ್ನದರಲ್ಲಿ ಅರ್ಧ ತಿಂದು, ಬೆಲ್ಲ ಕೊಬ್ಬರಿ ಖಾಲಿಯಾದ ತುದಿಯನ್ನು ನನಗೆ ಕೊಟ್ಟಳು. ನಾನು ತಿಂದೆ.

ಗಂಗವ್ವ ಎಂದರೆ ಅವ್ವನ ಅಕ್ಕ. ಕುಂದಗೋಳದ ತವರುಮನೆಯಲ್ಲಿ ಮದುವೆಯಾಗದೆ ಉಳಿದವಳು, ಹತ್ತು ವರ್ಷದ ಹುಡುಗಿಯಷ್ಟು ಎತ್ತರ. ಅವ್ವನನ್ನು ನೋಡಲು ನಮ್ಮ ಮನೆಯವರು ಹೋದ ದಿನ ಅವಳನ್ನು ಹಿತ್ತಲ ಮೇವಿನ ಕೋಣೆಯೊಳಗೆ ಕೂರಿಸಿ ಚಿಲಕ ಹಾಕಿದ್ದರಂತೆ. ಮದುವೆಯಾದ ಮೇಲಿನ ಮೊದಲ ನಾಗರಪಂಚಮಿಗೆ ಬೀಗರ ಮನೆಗೆ ಹೋದ ಆಯಿ ಅವಳನ್ನು ಕಂಡು, ಎಲೆಯ ಮುಂದೆ ಕೂತವಳು ಉಣ್ಣದೆ ಎದ್ದು ಬಂದಳು. ಅಂದಿನಿಂದ ಅವ್ವ ಏನು ಮಾಡಿದರೂ "ಮುಚ್ಚಿಟ್ಟು ಕೊಟ್ಟ ಮಂದಿ" ಎಂಬ ಮಾತು ತಪ್ಪುತ್ತಿರಲಿಲ್ಲ. ಹಾಲು ಉಕ್ಕಿದರೆ ಮುಚ್ಚಿಟ್ಟು ಕೊಟ್ಟ ಮಂದಿ. ರೊಟ್ಟಿ ಹೊತ್ತಿದರೆ ಮುಚ್ಚಿಟ್ಟು ಕೊಟ್ಟ ಮಂದಿ. ಈಗ ಆ ಮಾತಿಗೆ ಸಾಕ್ಷಿಯಾಗಿ ನಾನು ಮನೆತುಂಬ ಓಡಾಡಿಕೊಂಡಿದ್ದೆ. ಓಡಾಡುತ್ತಿದ್ದೆ ಅನ್ನುವುದೂ ಸುಳ್ಳೇ. ನನಗೆ ಯಾವಾಗಲೂ ಸುಸ್ತು, ಯಾವಾಗಲೂ ಚಳಿ. ಮಟಮಟ ಮಧ್ಯಾಹ್ನ ಎಲ್ಲರೂ ಜಾಕೀಟು ಬಿಚ್ಚಿ ಕುಣಿಯುವಾಗ ನಾನು ಗುಂಡಿಯೆಲ್ಲ ಹಾಕಿಕೊಂಡು ಬಿಸಿಲಿನ ಗೋಡೆಗೆ ಅಂಟಿ ಕೂರುತ್ತಿದ್ದೆ. ಮುಖ ಊದಿಕೊಂಡು ಗುಂಡಗಿತ್ತು. ಅದನ್ನು ಕಂಡು ಓಣಿಯವರು ತುಂಬಿದ ಮೈ ಎನ್ನುತ್ತಿದ್ದರು. ಮೈಗಳ್ಳಿ ಎಂದೂ ಅವರೇ ಎನ್ನುತ್ತಿದ್ದರು.

ದೀಪಾವಳಿ ದಾಟುವಷ್ಟರಲ್ಲಿ ನನ್ನ ಹೆಸರು ಹೋಗಿ ಗಂಗಿ ಆಯಿತು. ಆಯಿ "ಗಂಗೀ, ನೀರ ತೊಂಬಾ" ಎನ್ನುತ್ತಿದ್ದಳು. ಶಾಲೆಯಲ್ಲಿ ವಿದ್ಯಾ ಅದನ್ನು ಹಂಚಿದಳು, ಹುಡುಗರು ಹಿಡಿದುಕೊಂಡರು. ನನಗೆ ಅದು ಅಷ್ಟೇನೂ ನಾಟಲಿಲ್ಲ, ನಿಜ ಹೇಳಬೇಕೆಂದರೆ. ನಾಟಿದ್ದು ಅವ್ವನಿಗೆ. ಗಂಗೀ ಎಂದು ಯಾರಾದರೂ ಕರೆದಾಗ ನನಗಿಂತ ಮೊದಲು ಅವ್ವ ತಿರುಗಿ ನೋಡುತ್ತಿದ್ದಳು.

ಕಾರ್ತಿಕದ ಒಂದು ಮಧ್ಯಾಹ್ನ ಆಯಿ ಮಲಗಿದ್ದಳು. ಚಿಗವ್ವ ಹೊಲಕ್ಕೆ ಬುತ್ತಿ ಒಯ್ದಿದ್ದಳು. ನಾನು ನೆಗಡಿಯೆಂದು ಶಾಲೆ ತಪ್ಪಿಸಿದ್ದೆ. ಅವ್ವ ಬಂದು ನನ್ನ ಜಾಕೀಟಿನ ಗುಂಡಿ ಬಿಚ್ಚಿದಳು.

"ಚಳಿ ಆಕ್ಕೈತಿ ಅವ್ವಾ."

"ಸುಮ್ಮನಿರು."

ನನ್ನನ್ನು ಕೌದಿಯಲ್ಲಿ ಸುತ್ತಿ ಕೂರಿಸಿ ಅವಳು ಮಷಿನ್ನಿನ ಮುಂದೆ ಕೂತಳು. ತೋಳಿನ ತುದಿಯನ್ನು ಮುಟ್ಟಲಿಲ್ಲ. ಹೆಗಲ ಹತ್ತಿರ ಒಳಗಿನ ಸೀರೆಯ ಬಟ್ಟೆ ಬಿಚ್ಚಿ, ತೋಳನ್ನು ಪೂರ್ತಿ ಕಳಚಿದಳು. ತೋಳಿಲ್ಲದ ಜಾಕೀಟು ತೊಡೆಯ ಮೇಲೆ, ತೋಳೆರಡು ನೆಲದ ಮೇಲೆ. ಆಮೇಲೆ ಎರಡು ಬೆರಳಗಲ ಬಟ್ಟೆಯನ್ನು ಹೆಗಲೊಳಕ್ಕೆ ಸೇರಿಸಿ ಮತ್ತೆ ಹೊಲಿದಳು. ಕೆಳಗಿನ ಅಂಚಿಗೂ ಹಾಗೆಯೇ, ಸೊಂಟದ ಹೊಲಿಗೆಯೊಳಗೆ ಒಂದಿಷ್ಟು ಬಟ್ಟೆ ಅಡಗಿಸಿದಳು. ಮಷಿನ್ನಿನ ಸದ್ದಿಗೆ ಆಯಿ ಎಚ್ಚರಾದಾಳೆಂದು ಕಾಲಿನಿಂದ ತುಳಿಯದೆ ಗಾಲಿಯನ್ನು ಕೈಯಿಂದಲೇ ಮೆಲ್ಲಗೆ ತಿರುಗಿಸುತ್ತಿದ್ದಳು. ಮುಗಿದ ಮೇಲೆ ನನಗೆ ತೊಡಿಸಿದಳು. ನನ್ನ ಮಣಿಕಟ್ಟು ಹೊರಗಿತ್ತು.

ನನಗೆ ಏನೂ ತಿಳಿಯಲಿಲ್ಲ. "ಏನ ಮಾಡಿದಿ?" ಎಂದೆ.

"ನೀ ಬೆಳದಿ."

"ಇಲ್ಲ, ನೀ ಹೊಲದಿ."

ಅವ್ವ ನನ್ನ ಗದ್ದ ಹಿಡಿದಳು. ಬೆರಳು ಕೆನ್ನೆಯೊಳಕ್ಕೆ ಒತ್ತಿದವು. "ಬೆಳದೀನಿ ಅನ್ನು."

"ಬೆಳದೀನಿ."

"ಯಾರರ ಕೇಳಿದ್ರ?"

"ಬೆಳದೀನಿ."

ಬಿಟ್ಟಳು. ಆಮೇಲೆ ನನ್ನನ್ನು ಎಳೆದು ಅಪ್ಪಿಕೊಂಡು ಬಹಳ ಹೊತ್ತು ಕೂತಳು. ನನಗೆ ಮಾತ್ರ ಖುಷಿಯಾಗಿತ್ತು. ಹೆಗಲಲ್ಲಿ ಬಟ್ಟೆ ಗಂಟಾಗಿ ಒತ್ತುತ್ತಿದ್ದರೂ ನನಗೂ ಒಂದು ಬೆಳೆದ ಪಟ್ಟಿ ಸಿಗುವುದಿತ್ತು. ಆ ಸಂಜೆ ನಾನು ನೆಲಕ್ಕೆ ಹಿಮ್ಮಡಿ ತಾಗಿಸದೆ ಮನೆಯೆಲ್ಲ ಸುತ್ತಾಡಿದೆ.

ಎಳ್ಳು ಅಮಾವಾಸ್ಯೆಯ ದಿನ ಮನೆಮಂದಿಯೆಲ್ಲ ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಎರೆ ನೆಲ ಬಿರಿದಿತ್ತು, ಜೋಳ ಆಳೆತ್ತರ ನಿಂತಿತ್ತು, ಕಡಲೆ ಮೊಣಕಾಲಿನ ತನಕ. ಐದು ಕಲ್ಲಿಟ್ಟು ಪಾಂಡವರಿಗೆ ಪೂಜೆ ಮಾಡಿ, ಹೊಲಕ್ಕೆ ಚರಗವೆಂದು ಎಡೆಯ ಅನ್ನ ಚೆಲ್ಲಿ ಎಲ್ಲರೂ ಉಣ್ಣಲು ಕೂತರು. ಸಜ್ಜೆ ರೊಟ್ಟಿ ತೆಗೆದುಕೊಳ್ಳಲು ನಾನು ಕೈ ಚಾಚಿದೆ. ಅವ್ವನೇ ನನ್ನನ್ನು ಆಯಿಯ ಎದುರು ಕೂರಿಸಿದ್ದಳು.

ಆಯಿ ಬಡಿಸುವುದನ್ನು ನಿಲ್ಲಿಸಿದಳು. "ಏ ಗಂಗೀ, ಕೈ ತೋರ್ಸು."

ತೋರಿಸಿದೆ. ಆಯಿ ಮಣಿಕಟ್ಟು ಹಿಡಿದು ನೋಡಿದಳು, ತೋಳು ಜಗ್ಗಿ ನೋಡಿದಳು. ತೋಳು ಕೆಳಗೆ ಬರಲಿಲ್ಲ. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ಅದಕ್ಕೂ ಮೊದಲು ನನ್ನ ಸಲುವಾಗಿ ಕಂಡಿರಲಿಲ್ಲ.

"ಬೆಳದೀ ಬಿಡು!" ಎಂದು ಕೂಗಿದಳು. ಪಕ್ಕದ ಹೊಲದವರೂ ತಿರುಗಿ ನೋಡಿದರು. ಅಲ್ಲೇ ಹಲ್ಲಿನಿಂದ ಎಳೆ ಕಡಿದಳು. ಅವ್ವ ಕೂತಲ್ಲೇ ತೋಳಿನ ತುದಿಯ ಮಡಿಕೆ ಬಿಚ್ಚಿದಳು. ಕಡುಗಂದು ಪಟ್ಟಿ ಹೊರಬಂತು. ಆಯಿ ತನ್ನ ಎಲೆಯ ಮೇಲಿನ ಬೆಲ್ಲದ ಮಾದಲಿಯನ್ನು ಉಂಡೆ ಮಾಡಿ ನನ್ನ ಬಾಯಿಗೆ ಹಾಕಿ, "ನಮ್ಮ ಬೀಜಾನಽ ನೋಡ. ತಡಾ ಆದ್ರೂ ನಮ್ಮ ಬೀಜಾನಽ" ಎಂದಳು. ಅಪ್ಪ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಕಡಲೆ ಸಾಲಿನ ಗುಂಟ ಓಡಿದ. ಜೋಳದ ನೆರಳಿಗೆ ಇಬ್ಬನಿ ಇನ್ನೂ ಆರದ ಗಿಡಗಳನ್ನು ಕಿತ್ತು ಮಡಿಲು ತುಂಬಿಸಿದ. ನನ್ನ ಬೆಳೆದ ಪಟ್ಟಿಗೆ ಕಡಲೆಯ ಹುಳಿ ಹತ್ತಿದ್ದು ಆಗಲೇ. ನನ್ನ ಬಾಲ್ಯದ ಅತಿ ಸಂತೋಷದ ದಿನ ಯಾವುದು ಎಂದು ಕೇಳಿದರೆ ನಾನು ಅದನ್ನೇ ಹೇಳಬೇಕಾಗುತ್ತದೆ. ಅದರ ಮೇಲೆ ನನಗಿರುವ ಸಿಟ್ಟು ಅಷ್ಟಿಷ್ಟಲ್ಲ.

ವಾಪಸ್ ಬರುವಾಗ ಚಕ್ಕಡಿಯಲ್ಲಿ ಚಿಗವ್ವ ನನ್ನನ್ನು ಬಾಜೂಕ ಕೂರಿಸಿಕೊಂಡಳು. ಹೆಗಲ ಮೇಲೆ ಕೈ ಹಾಕಿದವಳು ಅಲ್ಲಿ ಒತ್ತಿ ನೋಡಿದಳು. ಗಂಟು ಸಿಕ್ಕಿತು. ಬೆರಳಿನಿಂದ ಅದರ ಸುತ್ತ ತಡವಿದಳು. ಹೊಲಿಗೆ ಅವಳಿಗೂ ಬರುತ್ತಿತ್ತು. ಅವ್ವನ ಮುಖ ನೋಡಿ "ಏನ ಕೈ ಅದಾವ ಅಕ್ಕಾ ನಿಮ್ಮುವು!" ಎಂದು ನಕ್ಕಳು. ಅವ್ವ ಎತ್ತುಗಳ ಕಡೆ ಮುಖ ತಿರುಗಿಸಿದಳು. ಚಿಗವ್ವ ಯಾರಿಗೂ ಹೇಳಲಿಲ್ಲ. ಅದನ್ನು ಕರುಣೆ ಎಂದು ನಾನು ಬಹಳ ವರ್ಷ ನಂಬಿದ್ದೆ. ಅಂದಿನಿಂದ ಅವಳ ಪಾಲಿನ ಪಾತ್ರೆಗಳನ್ನೂ ಅವ್ವ ತೊಳೆಯತೊಡಗಿದಳು, ಅವಳ ಸರದಿಯ ಹಿಟ್ಟನ್ನೂ ನಾದತೊಡಗಿದಳು.

ಸಂಕ್ರಾಂತಿ ಆದ ಮೇಲೆ ಶಾಲೆಗೆ ಡಾಕ್ಟರು ಬಂದರು. ಎಲ್ಲರ ಹಲ್ಲು, ಕಣ್ಣು ನೋಡಿ, ಗೋಡೆಗೆ ನಿಲ್ಲಿಸಿ ಎತ್ತರ ಅಳೆದರು. ನನ್ನನ್ನು ಎರಡನೇ ಸಲ ಕರೆದು ನಿಲ್ಲಿಸಿದರು. ಕಣ್ಣ ಕೆಳಗೆ ಒತ್ತಿ ನೋಡಿದರು, ಕುತ್ತಿಗೆ ಮುಟ್ಟಿ ನೋಡಿದರು, ಚಳಿಯಾಗುತ್ತದೆಯೇ ಎಂದು ಕೇಳಿದರು. ನಾನು ಹೌದೆಂದೆ. ಚಳಿಯ ಬಗ್ಗೆ ನನ್ನನ್ನು ಯಾರಾದರೂ ಕೇಳಿದ್ದು ಅದೇ ಮೊದಲು.

ಮುಂದಿನ ರವಿವಾರ ನಮ್ಮ ಅಕ್ಕೋರು, ಅಂದರೆ ಮೂರನೇ ಇಯತ್ತೆಯ ಟೀಚರು, ಮನೆಗೇ ಬಂದರು. ಅಪ್ಪ ಮನೆಯಲ್ಲಿದ್ದ. ಆಯಿ ಚಾಪೆ ಹಾಸಿಸಿದಳು, ಅವ್ವ ಚಹಾ ತಂದಳು. ಅಕ್ಕೋರು ಕಪ್ಪನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದರು.

"ಡಾಕ್ಟರು ಭಾಳ ಕಾಳಜಿ ಮಾಡಿ ಹೇಳ್ಯಾರ್ರಿ. ವಯಸ್ಸಿಗೆ ತಕ್ಕಂಗ ಬೆಳದಿಲ್ಲ ಹುಡುಗಿ. ಮುಖಾನೂ ಬಾತೈತಿ. ಹುಬ್ಬಳ್ಳಿಗೆ ಒಯ್ದು ಒಮ್ಮೆ ರಕ್ತ ತೋರ್ಸರಿ, ಈಗ ತೋರ್ಸಿದ್ರ ಆರಾಮ ಆಕ್ಕೈತಿ ಅಂದ್ರು."

ಅಪ್ಪ ನೆಟ್ಟಗೆ ಕೂತ. "ಹಂಗಂದ್ರೇನ್ರಿ? ಬರೂ ವಾರ ರಜಾ ಹಾಕಿ ಕರಕೊಂಡ ಹೋಗತೀನಿ ಹಂಗಾರ" ಎಂದ.

"ಗ್ವಾಡಿಗೆ ನಿಲ್ಲಿಸಿ ಅಳದ್ರೇನು?" ಎಂದಳು ಆಯಿ. ಅವಳಿಗೆ ಕೇಳಿಸಿದ್ದು ಅದೊಂದೇ. "ಯಾರನ್ನ ಕೇಳಿ ಅಳದ್ರಿ? ಏ ಹುಡುಗಿ, ಜಾಕೀಟ ತೊಂಬಾ. ಅಕ್ಕೋರು ನೋಡ್ಲಿ."

ಜಾಕೀಟು ನನ್ನ ಮೈಮೇಲೇ ಇತ್ತು. ಆಯಿ ನನ್ನನ್ನು ಅಕ್ಕೋರ ಮುಂದೆ ನಿಲ್ಲಿಸಿ ತೋಳು ಹಿಡಿದು ಪಟ್ಟಿ ತೋರಿಸಿದಳು. "ದೀಪಾವಳಿಗೆ ಇದು ಬೆರಳ ಮ್ಯಾಲಿತ್ರಿ. ಎಳ್ಳ ಅಮಾಸಿಗೆ ಇಲ್ಲಿಗೆ ಬಂದಿತ್ತು. ಇಷ್ಟ ದಿನದಾಗ ಇಷ್ಟ ಬೆಳದಾಳ. ಊರ ಮಂದಿ ಮುಂದ ಬಿಚ್ಚೇನಿ ನಾ. ನಿಮ್ಮ ಡಾಕ್ಟರ ಪಟ್ಟಿ ಸುಳ್ಳೋ ಈ ಪಟ್ಟಿ ಸುಳ್ಳೋ?"

ಅಕ್ಕೋರು ನನ್ನ ತೋಳನ್ನು ನೋಡಿದರು. ಅವರೂ ಈ ಕಡೆಯವರೇ, ಬೆಳೆದ ಪಟ್ಟಿ ಅವರಿಗೂ ಗೊತ್ತಿತ್ತು. "ಅಲ್ಲ, ಬೆಳ್ಯಾಕತ್ತಾಳಂದ್ರ..." ಎಂದು ನಿಲ್ಲಿಸಿದರು. ಅಪ್ಪ ಅವ್ವನ ಕಡೆ ತಿರುಗಿದ.

"ನೀ ಏನಂತೀ? ಹೊಲದಾಕಿ ನೀನು. ಖರೇನಽ ಬೆಳದಾಳೇನು?"

ಅವ್ವ ಅಡಿಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಅವಳ ಹಿಂದೆ ಚಿಗವ್ವ. ಚಿಗವ್ವನ ಮುಖದಲ್ಲಿ ನಗುವಿತ್ತು, ಅವಳು ಕಾಯುತ್ತಿದ್ದಳು. ನಾನು ಅವ್ವನನ್ನೇ ನೋಡುತ್ತಿದ್ದೆ. ಒಂದು ಮಾತು ಸಾಕಿತ್ತು. ಅಲ್ಲಿಯೇ ನನ್ನ ಹೆಗಲ ಮೇಲೆ ಕೈಯಿಟ್ಟು ಆ ಗಂಟು ತೋರಿಸಿದ್ದರೂ ಸಾಕಿತ್ತು. ಆಯಿ ಬಯ್ಯುತ್ತಿದ್ದಳು, ಬಹುಶಃ ಹೊಡೆಯುತ್ತಿದ್ದಳು, ಮುಚ್ಚಿಟ್ಟು ಕೊಟ್ಟ ಮಂದಿ ಎಂಬುದು ಸಾಯುವತನಕ ಉಳಿಯುತ್ತಿತ್ತು. ಅಪ್ಪ ಮಾತ್ರ ನನ್ನನ್ನು ಹುಬ್ಬಳ್ಳಿಗೆ ಕರೆದೊಯ್ಯುತ್ತಿದ್ದ.

"ಬೆಳದಾಳ್ರಿ" ಎಂದಳು ಅವ್ವ. "ನಾನಽ ಬಿಚ್ಚೇನಲ್ಲ ಮಡಿಕಿ."

ಅಪ್ಪ ಗೋಡೆಗೆ ಒರಗಿದ. "ಆತ ಬಿಡ್ರಿ ಅಕ್ಕೋರ. ಬೆಳ್ಯಾಕತ್ತಾಳಲ್ಲ, ನೋಡೂಣು" ಎಂದ. ಅಕ್ಕೋರು ಚಹಾ ಕುಡಿದರು. ಹೋಗುವಾಗ ನನ್ನ ತಲೆ ಸವರಿದರು. ಆಯಿ ನನಗೆ ದೃಷ್ಟಿ ತೆಗೆದು ಒಲೆಗೆ ಉಪ್ಪು ಹಾಕಿದಳು, ಚಟಚಟ ಸಿಡಿಯಿತು.

ಆ ವಾರವೇ ಅವ್ವ ನನಗೊಂದು ಹೊಸ ಸ್ವೆಟರು ಹೆಣೆಯಲು ಹಿಡಿದಳು. ತನ್ನ ಸ್ವೆಟರು ಬಿಚ್ಚಿ ಅದರ ಉಲನ್ನಿನಲ್ಲಿ ಹೆಣೆದಳು. ಅದನ್ನು ಜಾಕೀಟಿನ ಒಳಗೆ ತೊಡಿಸಿದಳು, ಅದರ ಮೇಲೆ ಶಾಲು ಸುತ್ತಿದಳು. ನನ್ನ ಚಳಿ ಮಾತ್ರ ಹೋಗಲಿಲ್ಲ, ಅದು ಬಟ್ಟೆಯಿಂದ ಹೋಗುವ ಚಳಿಯಾಗಿರಲಿಲ್ಲ. ಶಿವರಾತ್ರಿ ಕಳೆದು ಬಿಸಿಲು ಚುರುಕಾದಾಗ ಎಲ್ಲರ ಚಳಿ ಬಟ್ಟೆಗಳೂ ಡಾಂಬರ ಗುಳಿಗೆಯೊಂದಿಗೆ ಟ್ರಂಕಿಗೆ ಹೋದವು. ನನ್ನದನ್ನು ನಾನು ಬಿಡಲಿಲ್ಲ. ಚಿಗವ್ವ ಅದನ್ನು ಮೈಯಿಂದ ಎಳೆದು ತೆಗೆದು ಟ್ರಂಕಿನ ಮೇಲೆ ಕೂತಳು.

ಆಮೇಲಿನ ವರ್ಷಗಳಲ್ಲಿ ಅದೇ ನಡೆಯಿತು. ದೀಪಾವಳಿಗೆ ಮೊದಲು ಅವ್ವ ಹೆಗಲೊಳಗೆ ಬಟ್ಟೆ ಅಡಗಿಸುವುದು, ಪಾಡ್ಯದ ದಿನ ಆಯಿ ತುದಿಯ ಮಡಿಕೆ ಬಿಚ್ಚುವುದು. ವಿದ್ಯಾ ನನ್ನ ತಲೆಯ ಮೇಲೆ ಮೊಣಕೈ ಊರಿ ನಿಲ್ಲುವಷ್ಟು ಎತ್ತರವಾದಳು. ಆದರೂ ನನ್ನ ತೋಳಿನ ಮೇಲೆ ಪಟ್ಟಿಗಳು ಏರುತ್ತಲೇ ಹೋದವು. ಒಂಬತ್ತನೇ ಇಯತ್ತೆಯಲ್ಲಿ ನನ್ನ ದನಿ ದಪ್ಪವಾಗಿ, ಕೂತಲ್ಲೇ ನಿದ್ದೆ ಬರತೊಡಗಿದಾಗ ಅಪ್ಪ ಹೆದರಿ ಹುಬ್ಬಳ್ಳಿಗೆ ಕರೆದೊಯ್ದ. ಅಲ್ಲಿನ ಡಾಕ್ಟರು ರಕ್ತದ ಪರೀಕ್ಷೆ ಮಾಡಿಸಿ ಥೈರಾಯ್ಡ್ ಎಂದರು.

"ದಿನಾ ಒಂದು ಗುಳಿಗಿ ಅಷ್ಟಽ ಇತ್ರಿ. ಸಣ್ಣಾಕಿ ಇದ್ದಾಗ ಯಾಕ ತರಲಿಲ್ಲ?"

"ಆವಾಗ ಬೆಳ್ಯಾಕತ್ತಿದ್ಲಲ್ರಿ ಡಾಕ್ಟರ" ಎಂದ ಅಪ್ಪ.

ಅವ್ವ ನನ್ನ ಚಪ್ಪಲಿಯನ್ನು ನೋಡುತ್ತಿದ್ದಳು. ಗುಳಿಗೆ ಶುರುವಾದ ಮೇಲೆ ಚಳಿ ಹೋಯಿತು, ಊತ ಇಳಿಯಿತು. ಸ್ವಲ್ಪ ಬೆಳೆದೆ ಕೂಡ. ಆಮೇಲೆ ನಿಂತುಬಿಟ್ಟಿತು. ಅಪ್ಪನಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಅವನು ಹೋದ ಮೇಲೆ ಅವ್ವ ನನ್ನ ಮನೆಗೆ ಬಂದಳು. ಒಂದೇ ಸೂರಿನಡಿ ಇಷ್ಟು ವರ್ಷವಾದರೂ ಆ ಮಾತನ್ನು ಅವಳು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳು ಆ ಮನೆಯಲ್ಲಿ ಪಟ್ಟದ್ದು ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಹೋಗುತ್ತದೆ ಎಂದು ಹೇಳುವವರು ದಿನಾ ಕಿಟಕಿಯ ಹಿಂದೆ ಸ್ಟೂಲು ಹತ್ತಿ ನಿಂತವರಲ್ಲ.

ಈ ಸಲ ದೀಪಾವಳಿಗೆ ಮೊದಲು ಟ್ರಂಕಿನಲ್ಲಿ ಕೂಡಿಟ್ಟ ಬಟ್ಟೆ ತೆಗೆದು ಮೂವರಿಗೂ ಜಾಕೀಟು ಹೊಲಿದೆ. ಮಗಳದಕ್ಕೆ ತುದಿಯಲ್ಲಿ ಮಡಿಕೆ ಬಿಟ್ಟೆ. ಅವಳು ಬೆಳೆಯುತ್ತಾಳೆ, ಪ್ರತಿ ವರ್ಷ ರಕ್ತ ಪರೀಕ್ಷೆ ಮಾಡಿಸುತ್ತೇನೆ, ಪ್ರತಿ ತಿಂಗಳು ಗೋಡೆಗೆ ನಿಲ್ಲಿಸಿ ಅಳೆಯುತ್ತೇನೆ. ನನ್ನದಕ್ಕೆ ಮಡಿಕೆ ಬೇಕಿಲ್ಲ. ಅವ್ವನದನ್ನು ಕೊನೆಗೆ ಹೊಲಿದೆ. ಒಳ್ಳೆಯ ಬಟ್ಟೆ, ಒಂದೇ ಬಣ್ಣದ್ದು, ಒಳಗೆ ಮೆತ್ತನೆಯ ಉಣ್ಣೆ. ತೋಳಿನ ತುದಿಯಲ್ಲಿ ನಾಲ್ಕು ಬೆರಳಗಲ ಬಟ್ಟೆಯನ್ನು ಒಳಕ್ಕೆ ಮಡಚಿ ಕಚ್ಚಾ ಹೊಲಿಗೆ ಹಾಕಿದೆ. ಅಳತೆ ತಪ್ಪಿದ್ದಲ್ಲ. ಬೇಕಂತಲೇ ಮಾಡಿದೆ.

ಪಾಡ್ಯದ ಮುಂಜಾನೆ ಅವ್ವ ಅದನ್ನು ತೊಟ್ಟು ಗುಂಡಿ ಹಾಕಿಕೊಂಡಳು. ಬಟ್ಟೆಯನ್ನು ಸವರಿ ನೋಡಿ ಮುಖ ಅರಳಿಸಿದಳು. ಆಮೇಲೆ ಎರಡೂ ಕೈ ಮುಂದೆ ಚಾಚಿ, ತೋಳು ಜಗ್ಗಿದಳು.

"ತೋಳ ಗಿಡ್ಡ ಆತೇನ ಮತ್ತ?"

"ಬೆಳದೀ ಬಿಡಬೇ" ಎಂದೆ.

ಅವಳ ಕೈ ಚಾಚಿದಲ್ಲೇ ನಿಂತವು. ನನ್ನ ಮುಖ ನೋಡಲಿಲ್ಲ. ಮಗಳು ಕರ್ಚಿಕಾಯಿ ತಿನ್ನುತ್ತ ಬಂದವಳು ಅಜ್ಜಿಯ ತೋಳಿನ ತುದಿಯನ್ನು ತಿರುವಿ ನೋಡಿದಳು. ಮಡಿಕೆ ಬಿಚ್ಚುವುದು ಅವಳಿಗೂ ಗೊತ್ತು.

"ಅಜ್ಜಿ, ಮಮ್ಮಿ ಒಳಗ ಎಷ್ಟ ಅರಿವಿ ಮಡಚ್ಯಾಳ ನೋಡು! ಬಿಚ್ಚಿದ್ರ ಬರೋಬ್ಬರಿ ಆಕ್ಕೈತಿ. ತಡಿ, ಕತ್ತರಿ ತರತೀನಿ."

ತಂದಳು. ಅಜ್ಜಿಯ ಕೈ ಹಿಡಿದು ಮೊದಲ ಎಳೆಗೆ ಕತ್ತರಿ ಇಟ್ಟಳು. ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡವಾ" ಎಂದಳು. "ಬಿಚ್ಚಬ್ಯಾಡ. ಇದಽ ನನ್ನ ಅಳತಿ."

ಅಂದಿನಿಂದ ದಿನಾ ಅದನ್ನೇ ತೊಟ್ಟು ಕಟ್ಟೆಯ ಮೇಲೆ ಕೂರುತ್ತಾಳೆ, ಅಂಗೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು. ಈ ವರ್ಷ ಚಳಿ ಜೋರಾಗಿದೆ. ಬಿಚ್ಚಿಕೊಡು ಎಂದು ಅವಳು ಕೇಳಿಲ್ಲ, ನಾನು ಬಿಚ್ಚಿಕೊಟ್ಟಿಲ್ಲ.